ಒಕ್ಕೂಟ ಬಿಟ್ಟ ಮೇಲೆ ಮೂರನೆಯ ಕುರ್ಚಿಯಲ್ಲಿ ಕೂರುವವರು ಯಾರು?

ಅಬುಧಾಬಿ ಘಟಕದ ಅಧ್ಯಕ್ಷರೇ,

ಒಕ್ಕೂಟದಿಂದ ಹೊರಬಂದ ದಿನ ನೀವು ವೇದಿಕೆಯ ಮೇಲೆ ನಿಂತು, ನಮ್ಮ ಘಟಕದ ನಿಯಮಾವಳಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಯಾರೂ ಗಾಬರಿಯಾಗಬೇಡಿ ಎಂದು ಮಾತು ಕೊಟ್ಟಿರಿ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೀರಿ. ಒಂದಕ್ಷರವೂ ಬದಲಾಗಿಲ್ಲ. ನನ್ನ ದೂರು ಇರುವುದೇ ಅದರ ಮೇಲೆ. ಆ ಬದಲಾಗದ ಅಕ್ಷರಗಳ ದೆಸೆಯಿಂದ ಇವತ್ತು ಒಬ್ಬ ತಾಯಿ ಮೈಸೂರಿನಲ್ಲಿದ್ದಾಳೆ, ಅವಳ ಮಗಳು ಇಲ್ಲೇ ಅಲ್ ರೀಮ್ ಐಲ್ಯಾಂಡಿನಲ್ಲಿದ್ದಾಳೆ.

ಇದು ಎಲ್ಲರೂ ಓದಲೆಂದು ಬರೆಯುತ್ತಿರುವ ಪತ್ರ. ಆದ್ದರಿಂದ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳಬೇಕು. ದುಬೈ, ಮಸ್ಕತ್, ದೋಹಾ, ಅಬುಧಾಬಿ, ಹೀಗೆ ಕೊಲ್ಲಿಯ ಊರುಗಳಲ್ಲಿರುವ ನಮ್ಮ ಕನ್ನಡ ಕೂಟಗಳೆಲ್ಲ ಒಂದೇ ಒಕ್ಕೂಟದ ಘಟಕಗಳಾಗಿದ್ದವು. ನಿಮ್ಮ ಊರಿನ ಕಷ್ಟಸುಖ ನಿಮಗೇ ಚೆನ್ನಾಗಿ ಗೊತ್ತು, ನಿಯಮ ನೀವೇ ಮಾಡಿಕೊಳ್ಳಿ ಎಂದು ಒಕ್ಕೂಟ ನಮಗೆ ಅಧಿಕಾರ ಬಿಟ್ಟುಕೊಟ್ಟಿತ್ತು. ಆ ಅಧಿಕಾರದಲ್ಲಿ ನಾವು ಮಾಡಿಕೊಂಡದ್ದು ರಾಜಿ ನಿಯಮ. ಗಂಡ ಹೆಂಡಿರ ಜಗಳ ಕೈಮೀರಿದಾಗ, ಪೊಲೀಸ್ ಠಾಣೆಗೆ ಹೋಗಲು ಹೆಂಗಸಿಗೆ ಮನಸ್ಸಿಲ್ಲದಾಗ, ಮೂವರು ಕೂತು ಕೇಳಬೇಕು. ಒಬ್ಬರನ್ನು ಹೆಂಡತಿ ಆರಿಸುತ್ತಾಳೆ, ಒಬ್ಬರನ್ನು ಗಂಡ. ಮೂರನೆಯವರು ‘ಒಕ್ಕೂಟ ನೇಮಿಸಿದ, ಅನ್ಯ ಘಟಕದ ಸದಸ್ಯರು’. ಇದನ್ನು ಬರೆದ ಸಮಿತಿಯಲ್ಲಿ ನಾನೂ ಇದ್ದೆ. ಮುಸಫ್ಫಾದ ಕ್ಲಿನಿಕ್ಕಿನಲ್ಲಿ ನರ್ಸಾಗಿರುವ ನನಗೆ, ನಮ್ಮ ಜನರ ನಡುವೆ ಯಾರ ಗುಟ್ಟೂ ಬಹಳ ಕಾಲ ಗುಟ್ಟಾಗಿ ಉಳಿಯುವುದಿಲ್ಲವೆಂದು ಗೊತ್ತಿತ್ತು. ಇಲ್ಲಿರುವ ಕನ್ನಡದವರೆಲ್ಲ ಒಬ್ಬರ ಮನೆಯ ಉಪ್ಪಿನಕಾಯಿಯನ್ನು ಇನ್ನೊಬ್ಬರು ತಿಂದವರೇ. ಹೊರಗಿನವರೊಬ್ಬರು ಬೇಕೇ ಬೇಕಿತ್ತು.

ನಿಯಮ ನಡೆಯುತ್ತಲೂ ಇತ್ತು. ಹೆಚ್ಚಿನ ಸಲ ಬರುತ್ತಿದ್ದವರು ದುಬೈ ಘಟಕದ ಶ್ರೀಕಂಠಯ್ಯನವರು. ಜೆಬೆಲ್ ಅಲಿಯ ಸರಕು ಸಾಗಣೆ ಕಂಪನಿಯೊಂದರಲ್ಲಿ ಮ್ಯಾನೇಜರು, ಮಾತು ಕಡಿಮೆ. ಬಸ್ಸಿನಲ್ಲಿ ಬಂದು, ಎರಡೂ ಕಡೆಯವರ ಚಹಾ ಬೇಡವೆಂದು, ತಾವೇ ಕಟ್ಟಿಕೊಂಡು ಬಂದ ಚಿತ್ರಾನ್ನ ತಿಂದು, ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿ, ತೀರ್ಮಾನ ಹೇಳಿ ಹೊರಟುಬಿಡುತ್ತಿದ್ದರು. ಆ ತೀರ್ಮಾನದ ಹಿಂದೆ ಪೊಲೀಸರಿರಲಿಲ್ಲ, ನ್ಯಾಯಾಲಯವಿರಲಿಲ್ಲ. ಆದರೂ ಜನ ಕೇಳುತ್ತಿದ್ದರು. ಸದಸ್ಯರಾಗುವಾಗ ಒಪ್ಪಿಕೊಂಡ ಮಾತು ಅದು. ಮೀರಿದರೆ ಮಸ್ಕತ್ತಿನಿಂದ ದೋಹಾದವರೆಗೆ ತಲೆ ತಗ್ಗಿಸಬೇಕಾಗುತ್ತದೆ ಎಂಬ ಅಂಜಿಕೆ ಇತ್ತು.

ಒಕ್ಕೂಟ ಬಿಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ರಾಜ್ಯೋತ್ಸವ ಪ್ರತಿ ವರ್ಷ ದುಬೈಯಲ್ಲೇ ಏಕೆ, ವೇದಿಕೆಯ ಮೇಲೆ ನಮ್ಮವರಿಗೆ ಕೊನೆಯ ಸಾಲೇ ಏಕೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾಗಿಯೇ ಇತ್ತು; ಕೈಯೆತ್ತಿದವರಲ್ಲಿ ನಾನೂ ಒಬ್ಬಳು. ಆದರೆ ಹೊರಬಂದ ಮೇಲೆ ನೀವು ಮಾಡಿದ್ದೇನು? ಹೊಸ ಲಾಂಛನ ಬಂತು. ಹೊಸ ಲೆಟರ್‌ಹೆಡ್ ಬಂತು. ಕಾರ್ಯಕಾರಿ ಸಮಿತಿಗೆಲ್ಲ ಒಂದೇ ಬಣ್ಣದ ಜುಬ್ಬಾ ಬಂತು. ನಿಯಮಾವಳಿಯನ್ನು ಮಾತ್ರ ಯಾರೂ ತೆರೆದು ನೋಡಲಿಲ್ಲ. ಒಕ್ಕೂಟ ಎಂಬ ಪದ ಅದರಲ್ಲಿ ಎಲ್ಲೆಲ್ಲಿದೆ, ಅಲ್ಲಲ್ಲಿ ಒಕ್ಕೂಟ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರು ಮಾಡಬೇಕು ಎಂದು ಕೇಳಿಕೊಳ್ಳುವುದು ಅಷ್ಟು ಕಷ್ಟವಿತ್ತೇ? ಅಥವಾ, ಹೊರಗಿನವರೊಬ್ಬರು ಬಂದು ನಮ್ಮವರನ್ನು ಪ್ರಶ್ನಿಸುವುದು ನಿಂತದ್ದು ಕೆಲವರಿಗೆ ಹಿತವಾಗಿಯೇ ಇತ್ತೇ?

ನಿಸರ್ಗ ನನ್ನ ಬಳಿಗೆ ಬಂದದ್ದು ಮಗಳ ಜ್ವರದ ನೆಪ ಮಾಡಿಕೊಂಡು. ಅವಳ ಹೆಸರು ಬರೆಯಲು ಅವಳ ಒಪ್ಪಿಗೆಯಿದೆ; ಗಂಡನ ಹೆಸರನ್ನು ನಾನು ಬರೆಯುತ್ತಿಲ್ಲ, ನಿಮಗದು ಚೆನ್ನಾಗಿಯೇ ಗೊತ್ತು. ಮೈಸೂರಿನ ಹುಡುಗಿ. ಗಂಡನಿಗೆ ಕಂಪನಿಯಲ್ಲಿ ದೊಡ್ಡ ಹುದ್ದೆ, ಅಲ್ ರೀಮ್‌ನಲ್ಲಿ ಸಮುದ್ರ ಕಾಣುವ ಮನೆ. ಶಾಲೆಯೊಂದರಲ್ಲಿ ಅವಳಿಗೆ ಸಿಕ್ಕಿದ್ದ ಕೆಲಸವನ್ನು ಅವನು ಬೇಡವೆಂದು ಬಿಡಿಸಿದ್ದ. ಅವಳದೂ ಮಗಳದೂ ಪಾಸ್‌ಪೋರ್ಟನ್ನು ತನ್ನ ಆಫೀಸಿನಲ್ಲಿಟ್ಟುಕೊಂಡಿದ್ದ. ಊರಿನಲ್ಲಿ ತಾಯಿಗೆ ಹೃದಯದ ಆಪರೇಷನ್ ನಿಶ್ಚಯವಾಗಿತ್ತು. ಮಗಳನ್ನು ಕರೆದುಕೊಂಡು ಹೋಗಿಬರುತ್ತೇನೆಂದರೆ, ಹೋದವಳು ನೀನು ವಾಪಸ್ ಬರುವುದಿಲ್ಲ ಎನ್ನುತ್ತಿದ್ದ. ಹೊಡೆದಿರಲಿಲ್ಲ. ಅದನ್ನವಳು ಗಂಡನ ಪರವಾದ ಸಾಕ್ಷಿಯೆಂಬಂತೆ ಹೇಳಿದಳು. ಇಲ್ಲಿನ ಪೊಲೀಸರು ಇಂಥ ದೂರು ಕೇಳುತ್ತಾರೆ, ನಾನೇ ಜೊತೆಗೆ ಬರುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದಳು.

“ಸಂಸಾರ ಮುರ್ಕೊಳೋಕೆ ಬಂದಿಲ್ಲ ಆಂಟಿ. ನಮ್ಮಿಬ್ರನ್ನೂ ಗೊತ್ತಿಲ್ಲದೋರು ಒಬ್ರು ಕೂತ್ಕೊಂಡು, ನೀವು ಮಾಡ್ತಿರೋದು ಸರಿ ಇಲ್ಲ ಅಂತ ಅವ್ರಿಗೆ ಹೇಳಿದ್ರೆ ಸಾಕು.”

ಅವಳು ಕೇಳಿದ್ದು ಅಷ್ಟೇ, ಅಧ್ಯಕ್ಷರೇ. ನಿಯಮ ಬರೆದಾಗ ನಾವು ಮನಸ್ಸಿನಲ್ಲಿಟ್ಟುಕೊಂಡದ್ದೂ ಅದೇ.

ನಾನು ನಮ್ಮ ಕಾರ್ಯದರ್ಶಿಗಳಿಗೆ ಅರ್ಜಿ ಕೊಟ್ಟೆ. ರಾಜಿ ನಿಯಮ ಈಗಲೂ ಜಾರಿಯಲ್ಲಿದೆ, ಆದರೆ ಮೂರನೆಯವರನ್ನು ಒಕ್ಕೂಟವೇ ನೇಮಿಸಬೇಕು, ನಾವು ಒಕ್ಕೂಟದಲ್ಲಿಲ್ಲ, ಹಾಗಾಗಿ ಸಮಿತಿ ರಚನೆ ಸಾಧ್ಯವಿಲ್ಲ ಎಂದು ಅವರು ವಿನಯದಿಂದಲೇ ತಿಳಿಸಿದರು. ಜಾರಿಯಲ್ಲಿರುವ, ಆದರೆ ನಡೆಸಲಾಗದ ನಿಯಮ. ದುಬೈಗೆ ಫೋನ್ ಮಾಡಿದೆ. ಒಕ್ಕೂಟದವರು, ನಾವು ಸದಸ್ಯ ಘಟಕಗಳಿಗೆ ಮಾತ್ರ ನೇಮಿಸಬಹುದು, ನೀವೇ ಬಿಟ್ಟು ಹೋದಿರಲ್ಲ ಮೇಡಂ ಎಂದರು. ಅವರ ದನಿಯಲ್ಲಿ ಸ್ವಲ್ಪ ಸಂತೋಷವೂ ಇತ್ತೆಂದು ನನಗನ್ನಿಸಿತು. ಕೊನೆಗೆ ನಿಮ್ಮ ಬಳಿ ಬಂದೆ. ನೀವು ನನ್ನನ್ನು ಕೂರಿಸಿ, ಖರ್ಜೂರ ಕೊಟ್ಟು, ಇಷ್ಟಕ್ಕೆಲ್ಲ ತಿದ್ದುಪಡಿ ಏಕೆ, ಮೂರನೆಯವನಾಗಿ ನಾನೇ ಕೂರುತ್ತೇನೆ ಎಂದಿರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಿರಿ ಎಂದು ನಂಬುತ್ತೇನೆ. ನಿಸರ್ಗಳಿಗೆ ತಿಳಿಸಿದೆ.

“ಅವರು ನಮ್ಮನೇಲಿ ಊಟ ಮಾಡೋರು ಆಂಟಿ. ನಾನೇ ಬಡಿಸ್ತೀನಿ. ಅವರ ಮುಂದೆ ಏನಂತ ಹೇಳಲಿ?”

ಈ ಮಾತಿಗೆ ನಿಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ಬರೆಯಿರಿ.

ಶ್ರೀಕಂಠಯ್ಯನವರು ವಿಷಯ ತಿಳಿದು ತಾವಾಗಿಯೇ ಬಂದರು. ಯಾರೂ ಕಳಿಸಿದ್ದಲ್ಲ, ಬರೀ ಮನುಷ್ಯನಾಗಿ ಬಂದಿದ್ದೇನೆ ಎಂದರು. ನನ್ನ ಮನೆಯಲ್ಲೇ ಸೇರಿದೆವು. ಗಂಡನೂ ಬಂದ, ಅದೇ ದೊಡ್ಡ ವಿಷಯವೆಂದುಕೊಂಡೆ. ಅವನು ಕೂರಲಿಲ್ಲ. ಮೊಬೈಲಿನಲ್ಲಿ ನಮ್ಮ ನಿಯಮಾವಳಿಯನ್ನು ತೆರೆದು, ನಾವೇ ಬರೆದ ಸಾಲನ್ನು ನಮಗೇ ಓದಿ ಹೇಳಿದ.

“ಒಕ್ಕೂಟ ನೇಮಿಸಿದ ಅಂತಿದೆ. ನಿಮ್ಮನ್ನ ಯಾರು ಸರ್ ನೇಮಿಸಿದ್ದು?”

ಶ್ರೀಕಂಠಯ್ಯನವರು, ಯಾರೂ ಇಲ್ಲಪ್ಪ, ಆದರೂ ಎರಡು ಮಾತು ಕೇಳಬಹುದಲ್ಲ ಎಂದರು. ಹಾಗಾದರೆ ಇದು ಖಲಾಸ್ ಎಂದು ಅವನು ನಿಂತ ಕಾಲಲ್ಲೇ ಹೊರಟುಹೋದ. ನಿಸರ್ಗ ಅವನ ಹಿಂದೆಯೇ ಹೋದಳು. ಹೋಗಲೇಬೇಕಿತ್ತು, ಮಗಳು ಕೆಳಗೆ ಕಾರಿನಲ್ಲಿದ್ದಳು. ಶ್ರೀಕಂಠಯ್ಯನವರು ಬುತ್ತಿ ಬಿಚ್ಚದೆ ಬಸ್ಸು ಹಿಡಿದರು. ಹುಡುಕಿದರೂ ಆ ಗಂಡನ ಮಾತಿನಲ್ಲಿ ನಿಯಮದ ತಪ್ಪು ಯಾವುದೂ ಇರಲಿಲ್ಲ. ನೀವು ಕಾಪಾಡಿಕೊಂಡು ಬಂದ ಅಕ್ಷರಗಳೇ ಅವನ ಪರವಾಗಿ ನಿಂತವು.

ಆಮೇಲಿನದು ಬೇಗ ಮುಗಿಯಿತು. ತಾಯಿಯ ಆಪರೇಷನ್ನಿನ ವಾರ ಬಂತು. ಗಂಡ ಅವಳ ಪಾಸ್‌ಪೋರ್ಟನ್ನು ಮಾತ್ರ ತಂದುಕೊಟ್ಟ. ಮಗು ಇಲ್ಲೇ ಇರಲಿ, ನೀನು ಹೋಗಿ ಬಾ ಎಂದ. ತಾಯಿಯನ್ನು ಬಿಡಲಾರದೆ ಅವಳು ಹೋದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಮರಳಿ ಬರಲು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಂದು, ಪೆಟ್ಟಿಗೆಯನ್ನು ತೂಕಕ್ಕಿಟ್ಟ ಮೇಲೆ, ಕೌಂಟರಿನವಳು ಕಂಪ್ಯೂಟರ್ ನೋಡಿ ಮತ್ತೆ ನೋಡಿ, ನಿಮ್ಮ ವೀಸಾ ರದ್ದಾಗಿದೆ ಎಂದಳಂತೆ. ಗಂಡನ ಆಸರೆಯಲ್ಲಿ ಸಿಕ್ಕ ವೀಸಾ. ಅವನೇ ರದ್ದು ಮಾಡಿಸಿದ್ದ. ನಿಸರ್ಗ ಅಲ್ಲಿಂದಲೇ ನನಗೆ ಫೋನ್ ಮಾಡಿದಳು. ಅಳಲಿಲ್ಲ. ಮಗಳಿಗೆಂದು ತಂದಿದ್ದ ಮೈಸೂರು ಪಾಕನ್ನು ಏನು ಮಾಡಲಿ ಎಂದು ಕೇಳಿದಳು.

ಈಗ ವಕೀಲರಿದ್ದಾರೆ, ನ್ಯಾಯಾಲಯವಿದೆ. ಈ ದೇಶದ ಕಾನೂನು ತನ್ನ ಕೆಲಸ ಮಾಡುತ್ತದೆಂಬ ನಂಬಿಕೆ ನನಗಿದೆ. ಆದರೆ ಆ ದಾರಿ ಉದ್ದ, ಮತ್ತು ಅವಳು ಉಳಿಸಿಕೊಳ್ಳಲು ಬಂದಿದ್ದ ಸಂಸಾರ ಆ ದಾರಿಯ ಮೊದಲ ತಿರುವಿನಲ್ಲೇ ಮುಗಿದುಹೋಯಿತು. ಮೂರನೆಯ ಕುರ್ಚಿಯಲ್ಲಿ ಒಬ್ಬರು ಹಕ್ಕಿನಿಂದ ಕೂತಿದ್ದರೆ ಅವನು ಒಪ್ಪುತ್ತಿದ್ದನೇ? ಖಂಡಿತ ಎಂದು ನಾನು ಹೇಳಲಾರೆ. ಆದರೆ ಕೇಳಿಸಿಕೊಳ್ಳದೆ ಹೊರಟುಹೋಗಲು ಅವನಿಗೆ ನೆಪವಿರುತ್ತಿರಲಿಲ್ಲ.

ಮೊನ್ನೆ ನಮ್ಮ ಕನ್ನಡ ತರಗತಿಗೆ ಆ ಮಗು ಬಂದಿತ್ತು. ಅಪ್ಪ ತಪ್ಪದೆ ಕಳಿಸುತ್ತಾನೆ, ಅದನ್ನೂ ಹೇಳಿಬಿಡುತ್ತೇನೆ. ಅಮ್ಮ ಫೋನ್ ಮಾಡಿದ್ಲಾ ಪುಟ್ಟಿ ಎಂದೆ. ಬಣ್ಣ ಹಚ್ಚುತ್ತಲೇ ಅದು ಇಂಗ್ಲಿಷಿನಲ್ಲಿ, “ಮಮ್ಮಿ ಕಾಂಟ್ ಕಮ್. ಶಿ ಲಾಸ್ಟ್ ಹರ್ ವೀಸಾ” ಎಂದಿತು. ಎಲ್ಲೋ ಇಟ್ಟು ಮರೆತಿರಬೇಕು, ಹುಡುಕಿದರೆ ಸಿಗುತ್ತದೆ ಎಂಬ ದನಿ. ಅವಳಿಗೆ ಏನು ಹೇಳಲಿ, ನಮ್ಮ ನಿಯಮಾವಳಿ ಸುಭದ್ರವಾಗಿದೆ ಎಂದೇ?

ಆದ್ದರಿಂದ ಅಧ್ಯಕ್ಷರೇ, ವಿನಂತಿಯಲ್ಲ, ಸದಸ್ಯೆಯಾಗಿ ನನ್ನ ಹಕ್ಕಿನ ಬೇಡಿಕೆ. ಈ ತಿಂಗಳೊಳಗೆ ಸರ್ವಸದಸ್ಯರ ಸಭೆ ಕರೆಯಿರಿ. ಒಕ್ಕೂಟ ನೇಮಿಸುತ್ತಿದ್ದ ಜಾಗದಲ್ಲಿ ಇನ್ನು ಯಾರು ನೇಮಿಸುತ್ತಾರೆಂದು ಬರೆಯಿರಿ. ದುಬೈಯವರೊಂದಿಗೆ ಈ ಒಂದು ವಿಷಯಕ್ಕಾದರೂ ಒಪ್ಪಂದವಾಗಲಿ. ಅದು ಅವಮಾನವೆನಿಸಿದರೆ, ಭಟ್ಕಳದವರ ಕೂಟವಿದೆ, ಮಂಗಳೂರಿನ ಕ್ರೈಸ್ತರ ಕೂಟವಿದೆ, ಅವರನ್ನು ಕೇಳಿ. ನಮ್ಮ ಮನೆಗಳಲ್ಲಿ ಉಣ್ಣದವರು ಯಾರಾದರೂ ಸರಿ. ಬರೆದಾದ ಮೇಲೆ ಮೊದಲ ಅರ್ಜಿಯಾಗಿ ನಿಸರ್ಗಳದನ್ನೇ ತೆಗೆದುಕೊಳ್ಳಿ, ಮತ್ತು ಅವತ್ತು ನೀವು ಆ ಕೋಣೆಯ ಹೊರಗಿರಿ. ಅವಳ ಗಂಡ ನಿಮ್ಮ ಸ್ನೇಹಿತ. ಸಭೆಯವರೆಗೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ: ಮುಂದಿನ ಸಲ ಆ ಮನೆಯಲ್ಲಿ ಊಟಕ್ಕೆ ಕೂತಾಗ, ಬಡಿಸುತ್ತಿದ್ದವಳು ಎಲ್ಲಿ ಎಂದು ಅವನನ್ನು ಕೇಳಿ.

ಇಂತಿ,
ನಡೆಯದ ನಿಯಮವೊಂದನ್ನು ಬರೆದವರಲ್ಲಿ ಒಬ್ಬಳು,
ಮಾರ್ಟಿನಾ
ಮುಸಫ್ಫಾ, ಅಬುಧಾಬಿ