ಫೋನಿಗೆ ನೀನು ಕೊಟ್ಟ ವಿಳಾಸ

ತಮ್ಮಾ,

‘ದನಿ ಹೊರಟಲ್ಲಿಗೇ ದಾರಿ ಬಂದು ಸೇರುತ್ತದೆ’ ಎಂಬಂಥ ಸಾಲೊಂದನ್ನು ಎಲ್ಲೋ ಓದಿದ್ದೆ. ಪೂರ್ತಿ ನೆನಪಿಲ್ಲ, ದಾರಿಯೋ ದೋಣಿಯೋ, ಅದೂ ಖಾತ್ರಿಯಿಲ್ಲ. ಬರೆದವರು ಯಾರೇ ಇರಲಿ, ಅವರ ಮನೆಯ ಫೋನನ್ನು ನಿನ್ನಂಥ ತಮ್ಮ ಜೋಡಿಸಿರಲಿಲ್ಲ. ಅಪ್ಪನ ದನಿ ಹೊರಟದ್ದು ನನ್ನ ಅಡುಗೆಮನೆಯ ಪಕ್ಕದ ಕೋಣೆಯಿಂದ. ದಾರಿ ಹೋಗಿ ಸೇರಿದ್ದು ಊರಿನ ಇನ್ನೊಂದು ತುದಿಯಲ್ಲಿರುವ ನಿನ್ನ ಮನೆಯ ಬೀಗಕ್ಕೆ.

ಹಳೆಯ ಫೋನಿನ ತಂತಿ ಕೆಟ್ಟಾಗ ಹೊಸದನ್ನು ನಾನೇ ಆರಿಸುತ್ತೇನೆ ಎಂದಿದ್ದೆ. ಎರಡು ಮೂರು ಕಂಪನಿಗಳ ವಿವರ ತರಿಸಿಕೊಂಡು, ಯಾರು ಹಳೆಯ ನಂಬರನ್ನೇ ಉಳಿಸಿಕೊಡುತ್ತಾರೆ, ಕರೆಂಟು ಹೋದರೆ ಯಾವುದು ಬದುಕಿರುತ್ತದೆ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಒಂದು ಭಾನುವಾರ ನೀನು ಕಂಕುಳಲ್ಲಿ ಡಬ್ಬಿ ಇಟ್ಟುಕೊಂಡು ಬಂದೆ. “ಎಲ್ಲ ಮುಗಿಸಿಬಿಟ್ಟೆ ಅಕ್ಕ. ಇಂಟರ್ನೆಟ್ಟಲ್ಲೇ ಫೋನು. ಅಪ್ಪ ಎಷ್ಟು ಹೊತ್ತು ಬೇಕಾದ್ರೂ ಹರಟಲಿ.”

ಅಪ್ಪನಿಗೆ ಸಂಭ್ರಮ. ಜೀವಮಾನವೆಲ್ಲ ಬಸ್ ಕಂಡಕ್ಟರ್ ಆಗಿದ್ದವನು, ಫೋನಿನಲ್ಲೂ ಹಿಂದಿನ ಸೀಟಿಗೆ ಕೇಳಿಸುವ ಹಾಗೇ ಮಾತಾಡುತ್ತಿದ್ದ. ಡಬ್ಬಿಯ ಹಸಿರು ದೀಪಗಳನ್ನು ನೋಡುತ್ತಾ, “ಏನೋ, ಮಾತು ಯಾವ ರೂಟಲ್ಲಿ ಹೋಗುತ್ತೋ ಇದ್ರಲ್ಲಿ?” ಎಂದ. “ಗಾಳೀಲಿ ಹೋಗುತ್ತಪ್ಪ” ಎಂದೆ ನೀನು. “ಟಿಕೆಟ್ ಇಲ್ದೇನಾ?” ಎಂದು ಅವನು ಕೇಳಿದಾಗ ಮೂವರೂ ನಕ್ಕಿದ್ದೆವು.

ನಗು ಮುಗಿದ ಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. ನೆನಪಿದೆಯೇ? ಇಂಥ ಫೋನಿಗೆ ತಾನು ಯಾವ ಮನೆಯಲ್ಲಿದ್ದೇನೆ ಎಂಬುದು ತಾನಾಗಿ ತಿಳಿಯುವುದಿಲ್ಲ. ತುರ್ತಿನಲ್ಲಿ ಆಂಬುಲೆನ್ಸಿಗೆ ಕರೆ ಮಾಡಿದರೆ, ನಾವು ಮೊದಲೇ ಬರೆದುಕೊಟ್ಟ ವಿಳಾಸವೇ ಅವರಿಗೆ ಕಾಣುತ್ತದೆ. ಅದನ್ನು ಓದಿಕೊಂಡಿದ್ದೆ. “ಅಡ್ರೆಸ್ ಯಾವುದು ಕೊಟ್ಟೆ?” ಎಂದೆ. ನೀನು ಮೊಬೈಲಿನಿಂದ ತಲೆ ಎತ್ತಲಿಲ್ಲ. “ಅದೆಲ್ಲ ನನ್ನ ಅಕೌಂಟಲ್ಲಿದೆ. ನೀನು ನಿನ್ನ ಕವಿತೆ ಓದ್ಕೊಂಡಿರು ತಾಯಿ, ಇದನ್ನ ನಂಗೆ ಬಿಡು.”

ಅದಾಗಿ ಕೆಲವು ತಿಂಗಳಿಗೆ, ಒಂದು ಬೆಳಿಗ್ಗೆ ನಾನು ಕಾಲೇಜಿನ ಲೈಬ್ರರಿಗೆ ಕೆಲಸಕ್ಕೆ ಹೋದ ಮೇಲೆ ಅಪ್ಪನ ಬಲಗೈ ಸ್ವಾಧೀನ ತಪ್ಪಿ ಬಿದ್ದುಹೋಯಿತು. ಹೆದರಿದರೂ ಬುದ್ಧಿ ಕೆಟ್ಟಿರಲಿಲ್ಲ. ತೆವಳಿಕೊಂಡು ಹೋಗಿ ಎಡಗೈಯಲ್ಲಿ ತುರ್ತು ನಂಬರ್ ಒತ್ತಿದ. ಅತ್ತಲಿಂದ ಹೆಂಗಸು ಏನಾಯಿತೆಂದು ಕೇಳಿದಳು. ಅಪ್ಪನ ಬಾಯಿಂದ ಒಂದು ಮಾತೂ ನೆಟ್ಟಗೆ ಬರಲಿಲ್ಲ. ಪಾಪ, ಅವಳು ಜಾಣೆ. ತೊದಲು ಕೇಳಿಯೇ ಲಕ್ವವೆಂದು ಊಹಿಸಿ, ಎದುರಿಗೆ ಕಂಡ ವಿಳಾಸಕ್ಕೆ ಗಾಡಿ ಓಡಿಸಿದಳು. ಅದು ನಿನ್ನ ವಿಳಾಸ. ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಪ್ಪ ಗೋಡೆಗೊರಗಿ ಕೂತಿದ್ದ. ರಿಸೀವರ್ ಇನ್ನೂ ತೊಡೆಯ ಮೇಲಿತ್ತು. ನನ್ನನ್ನು ನೋಡಿದ ಆ ಕಣ್ಣಲ್ಲಿ ನೋವಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು: ಕರೆದೆನಲ್ಲ, ಯಾಕೆ ಯಾರೂ ಬರಲಿಲ್ಲ?

ಬೇಗ ತಂದಿದ್ದರೆ ಮಾತು ಉಳಿಯುವ ಸಾಧ್ಯತೆ ಇತ್ತು ಎಂದು ಡಾಕ್ಟರು ಹೇಳಿದರು. ಅವರು ಹೇಳುವಾಗ ನೀನೂ ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದವನೇ “ಸಿಸ್ಟಮ್ ಎರರ್ ಅಕ್ಕ, ಕಂಪನಿಯವ್ರನ್ನ ಸುಮ್ನೆ ಬಿಡಲ್ಲ” ಎಂದು ಹಾರಾಡಿದೆ. ಯಾವ ಸಿಸ್ಟಮ್ಮು? ‘ಫೋನ್ ಇರುವ ಮನೆ ಯಾವುದು’ ಎಂದು ಅವರು ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿದ್ದರು. ಉತ್ತರ ಬರೆದದ್ದು ನಿನ್ನ ಬೆರಳು. ಅಪ್ಪ ನನ್ನ ಜೊತೆ ಇರಲು ಬಂದ ದಿನದಿಂದ ಇಲ್ಲಿಯವರೆಗೆ, ಏನಾದರೂ ಪಾರ್ಸೆಲ್ ಕಳಿಸಬೇಕಾದಾಗಲೆಲ್ಲ “ಅಕ್ಕ, ನಿನ್ ಮನೆ ನಂಬರ್ ಎಷ್ಟು?” ಎಂದು ಕೇಳುವವನು ನೀನು. ಆ ಡಬ್ಬಿ ತಂದ ದಿನ ಅದನ್ನೂ ಕೇಳಲಿಲ್ಲ. ನಾನು ನಿನ್ನೆದುರೇ ನಿಂತಿದ್ದೆ. ನೆಂಟರಿಗೆಲ್ಲ “ಅಪ್ಪಂಗೆ ಫೋನ್ ಹಾಕ್ಸಿಕೊಟ್ಟೆ” ಎಂದು ಹೇಳಿಕೊಂಡು ಮೆರೆದೆಯಲ್ಲ, ಆ ಕೀರ್ತಿಯನ್ನು ಈಗ ಪೂರ್ತಿಯಾಗಿ ನೀನೇ ಇಟ್ಟುಕೋ. ಅರ್ಧವನ್ನು ಕಂಪನಿಗೆ ಹಂಚಬೇಡ.

ಈಗ ಅಪ್ಪನಿಗೆ ಬರುವುದು ‘ಹೂಂ’ ಒಂದೇ. ನೀನು ಫೋನ್ ಮಾಡಿದಾಗ ಅವನ ಕಿವಿಗೆ ಹಿಡಿಯುತ್ತೇನೆ. “ಆರಾಮಾ ಅಪ್ಪ?” ಎನ್ನುತ್ತೀ. ಹೂಂ. ಅದನ್ನು ನೀನು ಕ್ಷಮೆಯೆಂದು ತಿಳಿದಿದ್ದರೆ, ನೆನಪಿರಲಿ, ನೀರು ಬೇಕಾ ಎಂದರೂ ಬೇಡವಾ ಎಂದರೂ ಅವನು ಹೇಳುವುದು ಅದನ್ನೇ.

ವಿಳಾಸವನ್ನು ನಾನು ಸರಿಪಡಿಸಿದ್ದೇನೆ. ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ನಿನ್ನ ಅಕೌಂಟಿನಿಂದ ನಮ್ಮನ್ನು ತೆಗೆಸಿದ್ದೇನೆ. ನೋಡಬೇಕೆನ್ನಿಸಿದರೆ ಬಾ, ಬಾಗಿಲು ಹಾಕುವುದಿಲ್ಲ. ಆದರೆ ಏನನ್ನೂ ಹೊತ್ತು ತರಬೇಡ. ನಿನ್ನ ಮಕ್ಕಳು ನಿನ್ನನ್ನು ಕರೆದಾಗ ನೀನೂ, ನೀನು ಕರೆದಾಗ ಅವರೂ ಸರಿಯಾದ ಮನೆಗೆ ಬಂದು ಮುಟ್ಟುವಂತಾಗಲಿ. ಸಿಟ್ಟಿನಲ್ಲಿದ್ದರೂ ಈ ಹಾರೈಕೆ ಸುಳ್ಳಲ್ಲ.

ಅಕ್ಕ

ಸಹಿ ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಬರೆಯಬಾರದು ಅಂದುಕೊಂಡಿದ್ದೆ. ಇದನ್ನೆಲ್ಲ ಮುಖಕ್ಕೇ ಹೇಳೋಣವೆಂದು ಮೊನ್ನೆ ನಿನ್ನ ಮನೆಗೆ ಬಂದಿದ್ದೆ. ಬೀಗ ಹಾಕಿತ್ತು. ಆದರೂ ಬಾಗಿಲು ಬಡಿದೆ. ಎದುರು ಮನೆಯ ಹೆಂಗಸು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತರು. “ಅವತ್ತು ಆಂಬುಲೆನ್ಸಿನವ್ರೂ ಹೀಗೇ ಬಡೀತಿದ್ರು ನೋಡಿ. ಯಾರೋ ವಯಸ್ಸಾದವ್ರು ಫೋನ್ ಮಾಡಿದ್ರಂತೆ. ನಾನೇ ವಾಪಸ್ ಕಳಿಸ್ದೆ, ಇವ್ರಿಗೆ ಅಪ್ಪ ಅಮ್ಮ ಯಾರೂ ಇಲ್ಲಪ್ಪ, ಇದ್ದಿದ್ರೆ ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಹೆಸರು ಎತ್ತುತಿರ್ಲಿಲ್ವಾ ಅಂತ. ಅಂದಹಾಗೆ, ನೀವು ಅವ್ರಿಗೆ ಏನಾಗ್ಬೇಕು?”