ಶಂಖಪುಷ್ಪದ ಡಬ್ಬಿ

ದುರ್ಗಿಗುಡಿ, ಶಿವಮೊಗ್ಗ
ಆಗಸ್ಟ್ ೧೯, ಮಂಗಳವಾರ

ಜಗದಾಂಬಕ್ಕನಿಗೆ ವಾರಗಿತ್ತಿ ಸೌಂದರ್ಯಳ ಶರಣು.

ಹೂವಿನ ಡಬ್ಬಿಯಲ್ಲಿ ಕಾಗದ ಕಂಡು ಗಾಬರಿಯಾಗಬೇಡಿ. ಅತ್ತೆಯವರು ಚೆನ್ನಾಗಿದ್ದಾರೆ, ಕೆಟ್ಟಿರುವುದು ನನ್ನ ತಲೆ. ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಅವರ ಕಿವಿಗೆ ಬೀಳದ ಮಾತಿಲ್ಲ. ಅದಕ್ಕೇ ಉಜ್ಜನಪ್ಪ ಸಂಜೆ ಖಾಲಿ ಡಬ್ಬಿ ಒಯ್ಯುವಾಗ ಇದನ್ನೂ ಒಳಗಿಟ್ಟು ಕೊಡುತ್ತಿದ್ದೇನೆ.

ಯುಗಾದಿ ಹೊತ್ತಿಗೆ ನಿಮ್ಮ ಮಂಡಿ ಆಪರೇಷನ್ ಎಂದು ಅತ್ತೆಯವರನ್ನು ಇಲ್ಲಿ ಬಿಟ್ಟು ಹೋದಿರಿ. ಬೇಡವೆಂದೆನೇ? ಆದರೆ ಎಂಬತ್ತು ದಾಟಿದ ಆ ಜೀವಕ್ಕೆ ಲಿಂಗಪೂಜೆಗೆ ಭದ್ರಾವತಿಯ ನಿಮ್ಮ ಬೇಲಿಯ ನೀಲಿ ಶಂಖಪುಷ್ಪವೇ ಆಗಬೇಕು. ದಾಸವಾಳ ಕೊಟ್ಟೆ, ಕಣಗಿಲೆ ಕೊಟ್ಟೆ, ಮುಖ ತಿರುಗಿಸಿದರು. ಇಲ್ಲಿ ನಮ್ಮ ಮನೆಯಲ್ಲಿ ಬಳ್ಳಿ ಹಬ್ಬುವವರೆಗೂ ದಿನಾ ಹೂ ಕಳಿಸುತ್ತೇನೆಂದು ನೀವು ಮಾತು ಕೊಟ್ಟಿರಿ. ಇಲ್ಲಿ ಅಂಗಡಿ ಕೆಲಸಕ್ಕೆ ಬರುವ ನಿಮ್ಮ ಪಕ್ಕದ ಮನೆಯ ಉಜ್ಜನಪ್ಪ ತರುತ್ತಿದ್ದಾನೆ. ಪೂಜೆಯಾಗದೆ ಅವರು ತೊಟ್ಟು ನೀರು ಮುಟ್ಟುವುದಿಲ್ಲ. ಬಸ್ಸು ತಡವಾದ ದಿನ ಸಕ್ಕರೆ ಕಾಯಿಲೆಯ ಹೆಂಗಸು ಹತ್ತು ಗಂಟೆಯವರೆಗೆ ಖಾಲಿ ಹೊಟ್ಟೆಯಲ್ಲಿ ಕೂತಿರುತ್ತಾರೆ. ಹೋದ ವಾರ ಕೈ ನಡುಗಿ ವಿಭೂತಿಯ ಬಟ್ಟಲು ಕೆಳಗೆ ಬಿತ್ತು.

ಸರಿ, ನಾನೇ ಬೆಳೆಸುತ್ತೇನೆಂದು ತಾರಸಿಯ ಕುಂಡಕ್ಕೆ ಬೀಜ ಹಾಕಿದೆ. ಯಾರೂ ನೆಡದೆ ಬೇಲಿ ತುಂಬ ಹಬ್ಬುವ ಕಾಡುಬಳ್ಳಿಗೆ ಇಷ್ಟು ಕೊಬ್ಬು ಎಂದು ಯಾರಿಗೆ ಗೊತ್ತು? ತಿಂಗಳಾದರೂ ಒಂದೂ ಮೊಳೆಯಲಿಲ್ಲ. ನವುಲೆಯ ಕೃಷಿ ಕಾಲೇಜಿಗೆ ಹೋಗಿ ಕೇಳಿದರೆ ಅಲ್ಲೊಬ್ಬರು ನಕ್ಕರು. ಬೀಜದ ಸಿಪ್ಪೆ ಗಟ್ಟಿಯಂತೆ, ಮರಳು ಕಾಗದದಲ್ಲಿ ಉಜ್ಜಿ ಒಂದು ರಾತ್ರಿ ನೆನೆಸಿ ಹಾಕಬೇಕಂತೆ. ಇದೂ ಅವರೆ, ತೊಗರಿಯ ಜಾತಿಯೇ, ಗೊಬ್ಬರ ಸುರಿದರೆ ಬರೀ ಎಲೆ ಬರುತ್ತದೆ ಎಂದರು. ಹಾಗೇ ಮಾಡಿದೆ. ವಾರದಲ್ಲಿ ಎಂಟು ಸಸಿ ಎದ್ದವು. ಮಾರನೆಯ ದಿನ ಐದು, ಅದರ ಮಾರನೆಯ ದಿನ ಕುಂಡ ಬೋಳು. ಅಳಿಲನ್ನು ಬೈದೆ, ಪಕ್ಕದ ಮನೆಯ ಬೆಕ್ಕನ್ನು ಬೈದೆ, ಮೊಬೈಲ್ ನೋಡಿ ಈ ಹೂವಿನ ನೀಲಿ ಟೀ ಮಾಡುವ ಹುಚ್ಚು ಹಿಡಿಸಿಕೊಂಡ ನನ್ನ ಮಗಳು ಸ್ಫೂರ್ತಿಯನ್ನೂ ಬೈದೆ. ಮತ್ತೆ ಹಾಕಿದೆ. ಮತ್ತೆ ಮಾಯ.

ನಿನ್ನೆ ಬೆಳಿಗ್ಗೆ ಬಟ್ಟೆ ಹರವಲು ಹೋದರೆ ಅತ್ತೆಯವರು ಕುಂಡದ ಮುಂದೆ ಕೂತು, ಒಂದೊಂದೇ ಸಸಿಯನ್ನು ನಾಜೂಕಾಗಿ ಕಿತ್ತು ಸೆರಗಿಗೆ ಹಾಕಿಕೊಳ್ಳುತ್ತಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಏನಿದು ಎಂದು ಕೇಳಿದರೆ ತಲೆಯನ್ನೂ ಎತ್ತದೆ, ‘ಇಲ್ಲಿ ಹೂ ಬಿಟ್ರೆ ಡಬ್ಬಿ ನಿಲ್ತದೆ. ಡಬ್ಬಿ ನಿಂತ್ರೆ ಭದ್ರಾವತಿಯೋರು ನನ್ನ ಮರೀತಾರೆ’ ಎಂದರು. ಆಮೇಲೆ ನಾನು ಏನೆಂದು ಬೈಯಲಿ ಅಕ್ಕ?

ಆ ಸಂಕಟದಲ್ಲೇ ಕೆಳಗಿಳಿದು ಉಜ್ಜನಪ್ಪನಿಗೆ, ನಿಮ್ಮ ಬೇಲಿಯ ಬೀಜವನ್ನೇ ಇನ್ನಷ್ಟು ತಂದುಕೊಡು ಎಂದೆ. ‘ಬೇಲಿ ಎಲ್ಲಿದೆ ಅಕ್ಕಾರೆ? ಕಾರು ನಿಲ್ಸೋಕೆ ಅಂತ ಜೂನ್‌ನಲ್ಲೇ ಕೀಳ್ಸಿ ಗೋಡೆ ಕಟ್ಸಿದ್ರು. ನಾನು ರೈಲ್ವೆ ಹಳಿ ಪಕ್ಕ ಬಿಡಿಸ್ಕೊಂಡು ಬರ್ತೀನಿ’ ಎಂದುಬಿಟ್ಟ. ಎರಡು ತಿಂಗಳಿಂದ ‘ತಗೊಳ್ಳಿ, ನಿಮ್ಮ ಬೇಲಿ ಹೂವು’ ಎಂದು ನಾನು ದಿನಾ ಅತ್ತೆಯವರ ಮುಂದೆ ಡಬ್ಬಿ ಇಡುತ್ತಿದ್ದೇನೆ. ನೀವು ನನಗಾದರೂ ಒಂದು ಮಾತು ಹೇಳಬಾರದಿತ್ತೇ ಅಕ್ಕ? ಬೇಲಿ ಹೋದರೂ ಹೂ ತಪ್ಪಿಸಲಿಲ್ಲವಲ್ಲ ಎಂದು ಅರ್ಧ ಸಿಟ್ಟು ಇಳಿದಿದೆ. ಇನ್ನರ್ಧ ಹಾಗೇ ಇದೆ.

ಅತ್ತೆಯವರಿಗೆ ಇದನ್ನು ಹೇಳುವ ಧೈರ್ಯ ನನಗಿಲ್ಲ. ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಗಂಟಿದೆ ನೋಡಿ, ಅದರಲ್ಲಿ ಉಜ್ಜಿ ನೆನೆಸಿದ ಹನ್ನೊಂದು ಬೀಜಗಳಿವೆ. ಒಣಗಲು ಬಿಡದೆ ನಾಳೆ ಬೆಳಿಗ್ಗೆಯೇ ಗೋಡೆಯ ಹತ್ತಿರ ಹಾಕಿ. ಎರಡು ತಿಂಗಳಿಗೆ ಹೂ ಬರುತ್ತದಂತೆ. ದೀಪಾವಳಿಗೆ ಅವರನ್ನು ಅಲ್ಲಿಗೆ ಕರೆತರುತ್ತೇನೆ. ಮಂಡಿ ವಾಸಿಯಾಗಿದೆಯೆಂದು ನೀವೇ ಹೇಳಿದ್ದೀರಿ, ಇನ್ನು ನೆಪ ಬೇಡ. ಭಾವನವರ ಕಾರು ಬೇಕಾದರೆ ಬೀದಿಯಲ್ಲಿ ನಿಲ್ಲಲಿ. ಅವರನ್ನು ಕಳಿಸಲು ನನಗೂ ಮನಸ್ಸಿಲ್ಲ, ಅದು ಬೇರೆ ಮಾತು.

ಸಿಟ್ಟಿನಲ್ಲೂ ನಿಮ್ಮವಳೇ ಆದ,
ಸೌಂದರ್ಯ

ಮರೆತಿದ್ದೆ: ಬೀಜ ಉಜ್ಜಿದ್ದು ನಾನಲ್ಲ. ನಿನ್ನೆ ಸಂಜೆ ಮರಳು ಕಾಗದ ಹಿಡಿದು ಕೂತಿದ್ದಾಗ ಅತ್ತೆಯವರೇ ಕೈಯಿಂದ ಕಿತ್ತುಕೊಂಡು ಉಜ್ಜಿದರು. ಯಾರಿಗೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಗಂಟು ಕಟ್ಟಿಕೊಡುವಾಗ ಮಾತ್ರ, ‘ಜಗದಾಂಬಂಗೆ ಬರಿ, ಹೊಸ ಗೋಡೆ ಬಿಸಿಲಿಗೆ ಕಾಯ್ತದೆ, ಒಂದಡಿ ದೂರ ಹಾಕಿ ದಾರ ಕಟ್ಲಿ’ ಎಂದರು.