ಪಟ್ಟಿ ಹಚ್ಚಿದ ಬಳೆ

ಹುಣಸಗಿ, ಸೋಮವಾರ

ಮತ್ತಿನ ಇಂಜೆಕ್ಷನ್ ಕೊಡುವ ವಿಶ್ವಾರಾಧ್ಯ ಡಾಕ್ಟರಿಗೆ ದೇವಕ್ಕನ ನಮಸ್ಕಾರ.

ಹೋದ ವರ್ಷ ನಿಮ್ಮಲ್ಲಿ ಗರ್ಭಚೀಲ ತೆಗೆಸಿಕೊಂಡವಳು ನಾನು. ಮುತ್ತೈದೆಯ ಕೈ ಬರಿದಾಗಬಾರದೆಂದು ನಮ್ಮತ್ತೆ ಹಟ ಹಿಡಿದಾಗ ನರ್ಸಮ್ಮ ಒಂದು ಹಸಿರು ಬಳೆ ಬಿಟ್ಟು, ಅದು ಅಲುಗದಂತೆ ಮೇಲೆ ಬಿಳಿ ಪಟ್ಟಿ ಹಚ್ಚಿದ್ದರು. ನೆನಪಾಯಿತೇ?

ನಿಮ್ಮ ಮದ್ದಿಗೆ ಮೈ ಮಲಗಿತು, ನಾನು ಮಲಗಲಿಲ್ಲ. ಕಣ್ಣು ತೆರೆಯಲಾಗಲಿಲ್ಲ, ನಾಲಿಗೆ ಏಳಲಿಲ್ಲ. ಕೊಯ್ಯುವುದು ತಿಳಿಯುತ್ತಿತ್ತು, ನಿಮ್ಮ ಮಾತೂ ಕೇಳುತ್ತಿತ್ತು. ಬಳೆಯಾದರೂ ಮೇಜಿಗೆ ತಾಗಿ ಸದ್ದು ಮಾಡಲೆಂದು ಇದ್ದಬದ್ದ ಬಲವನ್ನೆಲ್ಲ ಕೈಗೆ ತಂದೆ. ಕೈ ಒಂದಿಷ್ಟು ಅಲುಗಿತು. ಪಟ್ಟಿಯೊಳಗಿನ ಬಳೆ ಸುಮ್ಮನಿತ್ತು.

"ಸರ್, ಬಿಪಿ ಏರಾಕತ್ತದ. ಪೇಶಂಟಿಗೆ ಎಚ್ಚರ ಅದ ಕಾಣ್ತದ" ಎಂದಿರಿ ನೀವು.

"ಚೀಲ ಚೊಲೋನೇ ಅದ. ಇರ್ಲಿ, ಮುಗಸೂಣು" ಎಂದರು ಕೊಯ್ಯುತ್ತಿದ್ದ ದೊಡ್ಡ ಡಾಕ್ಟರು. ಆ ಮಾತು ನಿಮ್ಮ ಕಿವಿಗೂ ಬಿದ್ದಿದೆ.

ಮನೆಯಲ್ಲಿ ಹೇಳಿದರೆ "ಮತ್ತಿನಾಗ ಕನಸು ಬಿದ್ದದ, ಬಿಡವಾ" ಎನ್ನುತ್ತಾರೆ. ಈ ಗುರುವಾರ ಅದೇ ಮೇಜಿನ ಮೇಲೆ ನನ್ನ ತಂಗಿ ನಾಗರತ್ನಾ ಮಲಗುತ್ತಾಳೆ. ಅವಳ ಚೀಲವೂ ಕೆಟ್ಟಿದೆಯೆಂದು ಅದೇ ಡಾಕ್ಟರು ಹೇಳಿದ್ದಾರೆ. ಅವಳಿಗಿನ್ನೂ ಮೂವತ್ತು ತುಂಬಿಲ್ಲ. ಅವಳೂ ನನ್ನನ್ನು ನಂಬುತ್ತಿಲ್ಲ.

ನಿಮ್ಮ ಹೆಸರನ್ನು ನಾನು ಎಲ್ಲಿಯೂ ಎತ್ತುವುದಿಲ್ಲ. ಸೂಜಿ ಚುಚ್ಚುವ ಮೊದಲು ಅವಳಿಗೆ ಒಂದೇ ಮಾತು ಹೇಳಿ: "ನಿಮ್ಮಕ್ಕ ಕೇಳಿದ್ದು ಕನಸಲ್ಲ." ಉಳಿದದ್ದನ್ನು ಅವಳೇ ನೋಡಿಕೊಳ್ಳುತ್ತಾಳೆ.

ಅಷ್ಟು ಹೇಳಲು ನಿಮಗೆ ಧೈರ್ಯ ಬಾರದಿದ್ದರೆ, ಅವಳ ಬಳೆಗೆ ಪಟ್ಟಿಯನ್ನಾದರೂ ಹಚ್ಚಲು ಬಿಡಬೇಡಿ.

ಇಂತಿ,
ದೇವಕ್ಕ